ಒಪಿಡಿ ಚೀಟಿಗೂ ಮೊದಲಿನ ಲೆಕ್ಕ

ಆಸ್ಪತ್ರೆಯಲ್ಲಿ ವೈದ್ಯರ ಮುಖ ನೋಡುವ ಮುಂಚೆ ನಡೆಯುವ ಸಣ್ಣ ಕೆಲಸವೆಂದರೆ ತೂಕ ನೋಡುವುದು. ನಿಲ್ಲಲಾಗದವರ ತೂಕ ನೋಡುವುದು ಹೇಗೆ? ವೀಲ್‌ಚೇರ್ ಸಮೇತ ತೂಗುವ ಯಂತ್ರಗಳು ಇವೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥದ್ದೊಂದು ಕಣ್ಣಿಗೆ ಬಿದ್ದರೆ ಅದೃಷ್ಟ. ಸಾಮಾನ್ಯವಾಗಿ ‘ಐವತ್ತು, ಐವತ್ತೈದು ಇರಬಹುದಾ?’ ಎಂದು ಜೊತೆಗೆ ಬಂದವರನ್ನು ಕೇಳುತ್ತಾರೆ, ಅವರು ತಲೆಯಾಡಿಸುತ್ತಾರೆ, ಚೀಟಿಯ ಮೇಲೆ ಒಂದು ಅಂಕಿ ಬೀಳುತ್ತದೆ. ಔಷಧದ ಪ್ರಮಾಣ, ಅರಿವಳಿಕೆಯ ಲೆಕ್ಕ, ಮೈತೂಕ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬ ಅನುಮಾನ, ಎಲ್ಲವೂ ಆ ಅಂದಾಜಿನ ಮೇಲೇ ನಿಲ್ಲುತ್ತವೆ. ಅಂಗವೈಕಲ್ಯ ಇರುವವರ ಆರೋಗ್ಯದ ಬಗ್ಗೆ ಈವರೆಗೆ ನಡೆದಿರುವ ಸಂಶೋಧನೆಯನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಅಲ್ಲಿಯೂ ಬಹುಪಾಲು ಇದೇ ಸ್ಥಿತಿ. ಆಸ್ಪತ್ರೆಯವರೆಗೆ ಬಾರದವರು ಆಸ್ಪತ್ರೆಯ ದಾಖಲೆಯಲ್ಲಿಲ್ಲ. ದಾಖಲೆಯನ್ನು ನೆಚ್ಚಿಕೊಂಡ ಸಂಶೋಧಕರಿಗೂ ಅವರು ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ ಅಂಗವೈಕಲ್ಯ ಇರುವವರ ಆರೋಗ್ಯದಲ್ಲಿನ ಅಸಮಾನತೆಯ ಬಗ್ಗೆಯೇ ಒಂದು ಜಾಗತಿಕ ವರದಿ ಹೊರತಂದಿತು. ಅದರ ಪ್ರಕಾರ ಜಗತ್ತಿನಲ್ಲಿ ಗಣನೀಯ ಅಂಗವೈಕಲ್ಯ ಇರುವವರು 130 ಕೋಟಿ, ಅಂದರೆ ಆರರಲ್ಲಿ ಒಬ್ಬರು. ಅವರಲ್ಲಿ ಕೆಲವರು ಉಳಿದವರಿಗಿಂತ 20 ವರ್ಷದಷ್ಟು ಮೊದಲೇ ತೀರಿಕೊಳ್ಳುತ್ತಾರೆ. ಖಿನ್ನತೆ, ಆಸ್ತಮಾ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಬೊಜ್ಜು, ಹಲ್ಲು-ಬಾಯಿಯ ಕಾಯಿಲೆ ಬರುವ ಸಂಭವ ಅವರಿಗೆ ಎರಡು ಪಟ್ಟು. ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೋಲಿಯೊದಿಂದ ಕಾಲು ಸೊರಗಿದವರ ಹಲ್ಲು ಯಾಕೆ ಹುಳುಕಾಗಬೇಕು? ಕಿವಿ ಕೇಳದವರಿಗೆ ಸಕ್ಕರೆ ಕಾಯಿಲೆ ಯಾಕೆ ಹೆಚ್ಚಾಗಬೇಕು? ದೇಹದ ಮೂಲ ತೊಂದರೆಯಿಂದಲೇ ಬರುವ ಕಾಯಿಲೆಗಳು ಬೇರೆ, ಬೆನ್ನುಹುರಿಗೆ ಪೆಟ್ಟಾದವರ ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕಿನಂಥವು. ಅವೂ ಎಷ್ಟೋ ಸಲ ತಡೆಯಬಹುದಾದವೇ. ಬಡತನದಿಂದ, ಓಡಾಟವಿಲ್ಲದ ಬದುಕಿನಿಂದ, ಸಮಯಕ್ಕೆ ಸಿಗದ ತಪಾಸಣೆಯಿಂದ ಬರುವ ಪಾಲು ಇನ್ನೊಂದು. ಅಸಮಾನತೆ ಎನ್ನುವುದು ಈ ಎರಡನೆಯ ಪಾಲನ್ನು. ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡುವುದೇ ಈ ಕ್ಷೇತ್ರದ ಸಂಶೋಧನೆಯ ಮುಖ್ಯ ಕೆಲಸ, ಕಷ್ಟದ ಕೆಲಸವೂ ಹೌದು.

ಹಾಗೆ ಬಿಡಿಸಿ ನೋಡಿದ ಒಂದು ಒಳ್ಳೆಯ ಉದಾಹರಣೆ ಇಂಗ್ಲೆಂಡಿನದು. ಬೌದ್ಧಿಕ ಅಸಾಮರ್ಥ್ಯ ಇದ್ದ 247 ಮಂದಿಯ ಸಾವನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ವರದಿ ಕೊಟ್ಟಿತು. ಗಂಡಸರು ಸಾಮಾನ್ಯರಿಗಿಂತ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸತ್ತಿದ್ದರು. ರೋಗಪತ್ತೆ ತಡವಾದದ್ದು, ಮುಂದಿನ ತಪಾಸಣೆಗೆ ಕಳಿಸದೆ ಬಿಟ್ಟದ್ದು, ಮನೆಯವರು ‘ಏನೋ ಸರಿಯಿಲ್ಲ’ ಎಂದಾಗ ಕಿವಿಗೆ ಹಾಕಿಕೊಳ್ಳದೆ ಹೋದದ್ದು, ಹೀಗೆ ಕಾರಣಗಳು ಸಾಲಾಗಿ ಸಿಕ್ಕವು. ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಒಂದು ಚಾಳಿ ಇದೆ: ಹೊಸ ತೊಂದರೆಯನ್ನೂ ಹಳೆಯ ಅಂಗವೈಕಲ್ಯದ ಖಾತೆಗೇ ಬರೆದುಬಿಡುವುದು. ಮಾತು ಬಾರದ ಹುಡುಗ ತಲೆ ಚಚ್ಚಿಕೊಂಡು ಅರಚುತ್ತಿದ್ದರೆ ‘ಅವನ ಸ್ವಭಾವವೇ ಹಾಗೆ’ ಎಂದು ನಿದ್ರೆಯ ಮಾತ್ರೆ ಬರೆಯುತ್ತಾರೆ. ಕಿವಿಯೊಳಗೆ ಕೀವು ತುಂಬಿರಬಹುದು ಎಂದು ಬ್ಯಾಟರಿ ಹಾಕಿ ನೋಡುವವರು ಕಡಿಮೆ.

ಇಂಗ್ಲೆಂಡಿಗೆ ಇದನ್ನು ಕಂಡುಕೊಳ್ಳಲು ಸಾಧ್ಯವಾದದ್ದು ಅಲ್ಲಿನ ಕುಟುಂಬ ವೈದ್ಯರ ಬಳಿ ಅಂಥವರ ಪಟ್ಟಿ ಇದ್ದುದರಿಂದ. ಕೋವಿಡ್ ಬಂದಾಗ ಅಲ್ಲಿನ ಜನಗಣತಿಯಲ್ಲಿ ಜನ ಕೊಟ್ಟಿದ್ದ ಉತ್ತರಗಳು ನೆರವಿಗೆ ಬಂದವು. 2020ರ ಜನವರಿಯಿಂದ ನವೆಂಬರ್‌ವರೆಗೆ ಅಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ಸುಮಾರು ಶೇ 60ರಷ್ಟು ಮಂದಿ ಅಂಗವೈಕಲ್ಯ ಇದ್ದವರು, ಲೆಕ್ಕಕ್ಕೆ ತೆಗೆದುಕೊಂಡ ಜನಸಂಖ್ಯೆಯಲ್ಲಿ ಅವರ ಪಾಲು ಶೇ 17 ಮಾತ್ರ ಎಂದು ಅಲ್ಲಿನ ಅಂಕಿಅಂಶ ಕಚೇರಿ ಹೇಳಿತು. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೇ ಇರಲಿಲ್ಲ. ಸತ್ತವರ ವಯಸ್ಸು, ಧರ್ಮ, ಉದ್ಯೋಗ, ತಂಬಾಕಿನ ಚಟ ಎಲ್ಲವನ್ನೂ ಕೇಳುವ ನಮ್ಮ ಮರಣ ನೋಂದಣಿ ನಮೂನೆಯಲ್ಲಿ ಅಂಗವೈಕಲ್ಯಕ್ಕೆ ಕಾಲಂ ಇಲ್ಲ.

ಬದುಕಿರುವವರ ಎಣಿಕೆಯಾದರೂ ಸರಿಯಾಗಿದೆಯೇ? 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯ ಇರುವವರು 2.68 ಕೋಟಿ, ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ 13.24 ಲಕ್ಷ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಶೇ 2.2. ಜಗತ್ತಿನಲ್ಲಿ ಶೇ 16 ಇದ್ದರೆ ನಮ್ಮಲ್ಲಿ ಮಾತ್ರ ಎರಡು ಚಿಲ್ಲರೆ ಆಗಲು ನಮ್ಮ ನೀರಿನಲ್ಲೇನೂ ವಿಶೇಷವಿಲ್ಲ. ಗಣತಿದಾರರು ಬಾಗಿಲಲ್ಲಿ ನಿಂತು ‘ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ?’ ಎಂದರೆ ಮದುವೆಗೆ ಬಂದ ಮಗಳಿರುವ ಮನೆಯವರು ಇಲ್ಲ ಎನ್ನುತ್ತಾರೆ. ಕಣ್ಣಿಗೆ ಪೊರೆ ಬಂದು ಗೋಡೆ ಹಿಡಿದು ನಡೆಯುವ ಅಜ್ಜಿಯನ್ನು ಯಾರೂ ಅಂಗವಿಕಲೆ ಎಂದುಕೊಂಡಿರುವುದಿಲ್ಲ, ‘ವಯಸ್ಸಾಯ್ತಲ್ಲ’ ಅಷ್ಟೇ. ಈ ತೊಡಕನ್ನು ಬಿಡಿಸಲೆಂದೇ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಅಡಿಯಲ್ಲಿ 2001ರಲ್ಲಿ ರಚನೆಯಾದ ವಾಷಿಂಗ್ಟನ್ ಗುಂಪು ಆರು ಪ್ರಶ್ನೆಗಳನ್ನು ರೂಪಿಸಿತು. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವೇ, ಕೇಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಟ್ಟುಕೊಳ್ಳಲು, ಸ್ನಾನ-ಬಟ್ಟೆ ನೋಡಿಕೊಳ್ಳಲು, ಹೇಳಬೇಕಾದ್ದನ್ನು ಇನ್ನೊಬ್ಬರಿಗೆ ಮುಟ್ಟಿಸಲು ಕಷ್ಟವೇ ಎಂದು ಅವು ಕೇಳುತ್ತವೆ. ಉತ್ತರವೂ ಹೌದು-ಇಲ್ಲ ಎರಡೇ ಅಲ್ಲ. ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ ಎಂದು ನಾಲ್ಕು. ಆರೂ ಪ್ರಶ್ನೆಗಳಲ್ಲಿ ಅಂಗವಿಕಲ ಎಂಬ ಮಾತೇ ಬರುವುದಿಲ್ಲ. ಕೇಳಲು ಕೆಲವೇ ನಿಮಿಷ ಸಾಕು. ಆದರೂ ನಮ್ಮ ಜನಗಣತಿ ಅವನ್ನು ಒಪ್ಪಿಕೊಂಡಿಲ್ಲ.

ಎಣಿಕೆಗಾಗಿ ಹೋರಾಡಿದವರ ಕತೆಯೂ ಈ ವಿಷಯಕ್ಕೆ ಸೇರಿದ್ದೇ. 1981ರ ಜನಗಣತಿಯಲ್ಲಿ ಇದ್ದ ಅಂಗವೈಕಲ್ಯದ ಪ್ರಶ್ನೆ 1991ರಲ್ಲಿ ಕಾಣೆಯಾಯಿತು. 2001ರಲ್ಲಿ ಅದು ಮರಳಿದ್ದು ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿಯಂಥವರು ಹಟ ಹಿಡಿದು ಕೂತದ್ದರಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಂಗವೈಕಲ್ಯದ ಬಗ್ಗೆ ಒಂದು ಪ್ರಶ್ನೆ ಇತ್ತು, ಆರನೆಯ ಸುತ್ತಿನಲ್ಲಿ ಅದನ್ನು ಕೈಬಿಟ್ಟರು. ಸಂಘಟನೆಗಳು ಪ್ರತಿಭಟಿಸಿದರೂ ಪ್ರಯೋಜನವಾಗಲಿಲ್ಲ. ಇದು ಸಣ್ಣ ನಷ್ಟವಲ್ಲ. ಹೆರಿಗೆ ಎಲ್ಲಿ ಆಯಿತು, ಮಗುವಿಗೆ ಲಸಿಕೆ ಬಿತ್ತೇ, ತಾಯಿಗೆ ರಕ್ತಹೀನತೆ ಇದೆಯೇ ಎಂದೆಲ್ಲ ಕೇಳುವ ಅದೇ ಸಮೀಕ್ಷೆಯಲ್ಲಿ ಅಂಗವೈಕಲ್ಯದ ಪ್ರಶ್ನೆಯೂ ಇದ್ದರೆ ಮಾತ್ರ ಅದು ಇರುವವರ ಮತ್ತು ಇಲ್ಲದವರ ನಡುವಿನ ಅಂತರ ಗೊತ್ತಾಗುತ್ತದೆ. ಬೇರೆ ಸಮೀಕ್ಷೆಯಲ್ಲಿ ಬೇರೆಯಾಗಿ ಎಣಿಸಿದರೆ ಎಷ್ಟು ಜನ ಎಂಬುದು ತಿಳಿಯಬಹುದು, ಹೇಗಿದ್ದಾರೆ ಎಂಬುದು ತಿಳಿಯುವುದಿಲ್ಲ.

ದಕ್ಷಿಣ ಭಾರತದಲ್ಲಿ ಈ ಅಂತರವನ್ನು ನೇರವಾಗಿ ಅಳೆಯಲು ಹೊರಟ ಅಧ್ಯಯನ ಎಂದರೆ 2012ರಲ್ಲಿ ಅಂದಿನ ಆಂಧ್ರಪ್ರದೇಶ ಮತ್ತು ಕರ್ನಾಟಕದ ಒಂದೊಂದು ಜಿಲ್ಲೆಯಲ್ಲಿ ನಡೆದದ್ದು. ಹೈದರಾಬಾದಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಜಿ.ವಿ.ಎಸ್. ಮೂರ್ತಿ ಮತ್ತು ಸಂಗಡಿಗರು ಅಂಗವೈಕಲ್ಯ ಇರುವ 839 ಮಂದಿಯನ್ನೂ, ಅದೇ ಸೀಮೆಯ, ಅದೇ ವಯಸ್ಸು-ಲಿಂಗದ, ಅಂಗವೈಕಲ್ಯ ಇಲ್ಲದ 1,153 ಮಂದಿಯನ್ನೂ ಹೋಲಿಸಿದರು. ಹುಡುಕಿದ ರೀತಿಯೇ ಗಮನಿಸಬೇಕಾದದ್ದು. ಆಸ್ಪತ್ರೆಯ ದಾಖಲೆ ತಿರುವಿ ಹಾಕುವ ಬದಲು ಊರಿನ ನಾಲ್ಕು ಜನರನ್ನು ಬಲ್ಲವರನ್ನು ಹಿಡಿದು, ಅವರಿಗೆ ತರಬೇತಿ ಕೊಟ್ಟು, ಯಾರ ಯಾರ ಮನೆಯಲ್ಲಿ ಇಂಥವರಿದ್ದಾರೆ ಎಂದು ಪತ್ತೆ ಹಚ್ಚಿದರು. ಅಂಗವೈಕಲ್ಯ ಇರುವವರಲ್ಲಿ ಆಸ್ಪತ್ರೆಗೆ ದಾಖಲಾಗುವ ಪ್ರಮಾಣ ಉಳಿದವರ ಸುಮಾರು ಎರಡು ಪಟ್ಟು, ಸಕ್ಕರೆ ಕಾಯಿಲೆ ಮತ್ತು ಖಿನ್ನತೆಯ ಸಂಭವ ಹಲವು ಪಟ್ಟು ಎಂದು ಕಂಡುಬಂತು. ‘ಆಸ್ಪತ್ರೆಗೆ ಹೆಚ್ಚು ಹೋಗುತ್ತಿದ್ದಾರೆ, ಅಂದಮೇಲೆ ಸೌಲಭ್ಯ ಸಿಗುತ್ತಿದೆಯಲ್ಲ’ ಎಂದು ಇದನ್ನು ಓದುವವರಿದ್ದಾರೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಸಣ್ಣದರಲ್ಲೇ ತೋರಿಸಿಕೊಳ್ಳಲು ಆಗದವರು ದೊಡ್ಡದಾದ ಮೇಲೆ ದಾಖಲಾಗುತ್ತಾರೆ.

ಸಣ್ಣದರಲ್ಲೇ ಯಾಕೆ ತೋರಿಸಿಕೊಳ್ಳಲು ಆಗುವುದಿಲ್ಲ ಎಂಬುದಕ್ಕೆ ಉತ್ತರ ಆಸ್ಪತ್ರೆಯ ಇಳಿಜಾರಿಗಿಂತ ಬಹಳ ಹಿಂದೆ, ಮನೆಯ ಹೊಸ್ತಿಲಲ್ಲೇ ಶುರುವಾಗುತ್ತದೆ. ಒಬ್ಬರೇ ಹೋಗಲಾಗದು ಎಂದರೆ ಜೊತೆಗೊಬ್ಬರ ಕೂಲಿ ಹೋಯಿತು. 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದರ ಇಲ್ಲ, ಆದರೆ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರದಲ್ಲಿದ್ದರೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಆಟೊ ಹಿಡಿಯಬೇಕು. ಆಸ್ಪತ್ರೆಯಲ್ಲಿ ಹೆಸರು ಕೂಗುತ್ತಾರೆ, ಕಿವುಡರ ಸರದಿ ಅವರಿಗೆ ಗೊತ್ತಾಗದೆಯೇ ದಾಟಿಹೋಗುತ್ತದೆ. ರಕ್ತಪರೀಕ್ಷೆ ಒಂದು ಕಟ್ಟಡದಲ್ಲಿ, ಎಕ್ಸ್‌ರೇ ಇನ್ನೊಂದರಲ್ಲಿ, ಶೌಚಾಲಯದ ಬಾಗಿಲು ವೀಲ್‌ಚೇರ್‌ಗಿಂತ ಕಿರಿದು. ಅದಕ್ಕೇ ಎಷ್ಟೋ ಜನ ಆಸ್ಪತ್ರೆಗೆ ಹೊರಡುವ ದಿನ ಬೆಳಗ್ಗಿನಿಂದ ನೀರು ಕುಡಿಯುವುದಿಲ್ಲ. ಮೂತ್ರದ ಸೋಂಕಿಗೆ ಔಷಧ ತರಲು ಹೋಗುವವರೇ ಹೀಗೆ ಬಾಯಿ ಒಣಗಿಸಿಕೊಂಡು ಹೋಗುವುದುಂಟು.

ಇವಕ್ಕೆಲ್ಲ ಕಾನೂನಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಏಳು ಬಗೆಗಳನ್ನು 21ಕ್ಕೆ ಏರಿಸಿತು. ಅದರ 25ನೆಯ ಕಲಂ ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಆದಾಯದ ಮಿತಿಗೆ ಒಳಪಟ್ಟು ಉಚಿತ ಚಿಕಿತ್ಸೆ ಇರಬೇಕು, ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ ಖಾಸಗಿ ಆಸ್ಪತ್ರೆಯ ಎಲ್ಲ ಭಾಗಗಳಿಗೂ ತಡೆಯಿಲ್ಲದೆ ಹೋಗುವಂತಿರಬೇಕು, ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು ಎನ್ನುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಪ್ರವೇಶಸಾಧ್ಯತೆಯ ಮಾನದಂಡಗಳನ್ನು ಬರೀ ಮಾರ್ಗಸೂಚಿಗಳಾಗಿ ಬಿಟ್ಟ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಹೇಳಿ, ಕಡ್ಡಾಯ ನಿಯಮ ಮಾಡಲು ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಕಾಯ್ದೆಯ ಬಾಗಿಲು ತೆರೆಯುವ ಕೀಲಿ ಪ್ರಮಾಣಪತ್ರ. ಅದನ್ನು ಕೊಡುವವರೂ ಆಸ್ಪತ್ರೆಯವರೇ. ಆಸ್ಪತ್ರೆಗೆ ಹೋಗುವುದು ಕಷ್ಟ ಎಂಬುದನ್ನು ಸಾಬೀತುಪಡಿಸಲು ಆಸ್ಪತ್ರೆಗೇ ಹೋಗಬೇಕು, ಅದೂ ಹೆಚ್ಚಾಗಿ ಜಿಲ್ಲಾಸ್ಪತ್ರೆಗೆ, ಸಂಬಂಧಪಟ್ಟ ತಜ್ಞರು ಕೂರುವ ದಿನ. 2018ರ ಸಮೀಕ್ಷೆಯಲ್ಲಿ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ, ಸರ್ಕಾರದಿಂದಾಗಲಿ ಬೇರೆಯವರಿಂದಾಗಲಿ ಯಾವ ನೆರವೂ ಸಿಗದವರು ಶೇ 76.4. ಪ್ರಮಾಣಪತ್ರದ ಮೇಲಿರುವ ಶೇಕಡಾವಾರು ಅಂಕಿ ದೇಹವನ್ನು ಅಳೆಯುತ್ತದೆ, ಶೇ 40ಕ್ಕಿಂತ ಕೆಳಗಿದ್ದರೆ ಬಹುತೇಕ ಸೌಲಭ್ಯ ಇಲ್ಲ. ಬಸ್ ನಿಲ್ದಾಣದ ಪಕ್ಕದ ಮನೆಯಲ್ಲಿರುವ ಶೇ 60ರವರಿಗಿಂತ, ಮಳೆಗಾಲದಲ್ಲಿ ಸಂಕ ದಾಟಿ ಬರಬೇಕಾದ ಮಲೆನಾಡಿನ ಶೇ 35ರವರಿಗೆ ಆಸ್ಪತ್ರೆ ದೂರ. ಆ ದೂರ ಯಾವ ಕಾರ್ಡಿನಲ್ಲೂ ನಮೂದಾಗಿಲ್ಲ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ: ನಮ್ಮಲ್ಲಿ ದೇಹವನ್ನು ಅಳೆದದ್ದು ಅತಿಯಾಯಿತು, ಮನೆಯಿಂದ ಔಷಧದವರೆಗಿನ ದಾರಿಯನ್ನು ಅಳೆದದ್ದು ತೀರಾ ಕಡಿಮೆ.

ಹಣದ ವಿಷಯದಲ್ಲೂ ಹಾಗೇ. ಆಯುಷ್ಮಾನ್ ಭಾರತದ ಐದು ಲಕ್ಷ ರೂಪಾಯಿ ದಾಖಲಾದ ಮೇಲಿನ ಚಿಕಿತ್ಸೆಗೆ. ಅಂಗವೈಕಲ್ಯ ಇರುವವರ ಖರ್ಚಿನ ದೊಡ್ಡ ಪಾಲು ಹೊರರೋಗಿ ವಿಭಾಗದಲ್ಲಿ, ಫಿಸಿಯೊಥೆರಪಿಯಲ್ಲಿ, ಕ್ಯಾತಿಟರ್-ಡೈಪರ್‌ಗಳಲ್ಲಿ, ಫಿಟ್ಸ್ ಮಾತ್ರೆಗಳಲ್ಲಿ ಹೋಗುತ್ತದೆ. ಯೋಜನೆಯ ಮೂಲ ಅರ್ಹತಾ ಪಟ್ಟಿಯಲ್ಲಿ ಅಂಗವೈಕಲ್ಯ ಕಾಣಿಸಿಕೊಂಡ ರೀತಿಯೂ ವಿಚಿತ್ರ. ಮನೆಯಲ್ಲಿ ಅಂಗವಿಕಲ ಸದಸ್ಯರಿರಬೇಕು, ಜೊತೆಗೆ ಗಟ್ಟಿಮುಟ್ಟಾದ ವಯಸ್ಕರು ಒಬ್ಬರೂ ಇರಬಾರದು. ದುಡಿಯುವ ಅಣ್ಣನೊಬ್ಬನಿದ್ದರೆ ಆ ಮಾನದಂಡಕ್ಕೆ ಮನೆ ಸೇರುವುದಿಲ್ಲ. ಕರ್ನಾಟಕದಲ್ಲಿ ಪಡಿತರ ಚೀಟಿಯೇ ಆಧಾರವಾದ್ದರಿಂದ ಈ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಖಾಸಗಿ ವಿಮಾ ಕಂಪನಿಗಳಂತೂ ಬಹುಕಾಲ ಅರ್ಜಿ ನೋಡಿದ ಕೂಡಲೇ ತಿರಸ್ಕರಿಸುತ್ತಿದ್ದವು. 2022ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇಂಥವರಿಗೂ ಪಾಲಿಸಿ ರೂಪಿಸಬೇಕೆಂದು ಹೇಳಿದ ಮೇಲೆ, 2023ರ ಫೆಬ್ರುವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಸೂಚನೆ ಕೊಟ್ಟಿತು. ಪಾಲಿಸಿಗಳು ಬಂದಿವೆ. ಕಂತು ಕಟ್ಟಬಲ್ಲವರು ಎಷ್ಟು ಎಂಬುದು ಬೇರೆ ಪ್ರಶ್ನೆ.

ಹೆಂಗಸರ ಆರೋಗ್ಯದ ಬಗ್ಗೆ ಬರೆಯುವಾಗ ಪುಣೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1994ರಲ್ಲಿ ಶಿರೂರಿನ ಸರ್ಕಾರಿ ಆಶ್ರಯಧಾಮದಲ್ಲಿದ್ದ ಬೌದ್ಧಿಕ ಅಸಾಮರ್ಥ್ಯದ ಹೆಣ್ಣುಮಕ್ಕಳನ್ನು ಸಸೂನ್ ಆಸ್ಪತ್ರೆಗೆ ಕರೆತಂದು ಗರ್ಭಕೋಶ ತೆಗೆಸಲಾಯಿತು. ಮುಟ್ಟಿನ ಶುಚಿತ್ವ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ದೇಶದಾದ್ಯಂತ ಗದ್ದಲವಾಗಿ ನಿಂತಿತು. 2009ರಲ್ಲಿ ಚಂಡೀಗಢದ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಯುವತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಎಂದಿತು. ಆದರೆ 2016ರ ಕಾಯ್ದೆಯ 92ನೆಯ ಕಲಂ ಒಪ್ಪಿಗೆಯಿಲ್ಲದ ಗರ್ಭಪಾತವನ್ನು ಅಪರಾಧ ಎಂದು ಹೇಳುತ್ತಲೇ, ‘ತೀವ್ರ’ ಅಂಗವೈಕಲ್ಯ ಇದ್ದರೆ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಸಾಕು ಎಂಬ ಕಿಂಡಿಯನ್ನೂ ಇಟ್ಟಿದೆ. ಇದಕ್ಕೆ ಹೋಲಿಸಿದರೆ ದಿನನಿತ್ಯದ ಸಂಗತಿಗಳು ಸದ್ದಿಲ್ಲದವು: ಪರೀಕ್ಷಾ ಮೇಜು ಕೆಳಗಿಳಿಯದ ಕಾರಣ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಆಗದೇ ಉಳಿಯುವುದು, ‘ನಿಮಗೆ ಯಾಕಮ್ಮ ಮಗು?’ ಎಂದು ನರ್ಸ್ ಕೇಳುವುದು, ಹೆರಿಗೆ ಕೋಣೆಯಲ್ಲಿ ಮಾಸ್ಕ್ ಹಾಕಿದ ಬಾಯಿಗಳನ್ನು ನೋಡುತ್ತಾ ಕಿವುಡ ಬಾಣಂತಿ ಏನೂ ಅರ್ಥವಾಗದೆ ಮಲಗಿರುವುದು. ಇವುಗಳ ಬಗ್ಗೆ ನಮ್ಮಲ್ಲಿ ಸಂದರ್ಶನ ಆಧಾರಿತ ಸಣ್ಣ ಅಧ್ಯಯನಗಳಿವೆ, ದೊಡ್ಡ ಲೆಕ್ಕ ಇಲ್ಲ.

ವೈದ್ಯರ ಮನಸ್ಸನ್ನು ಅಳೆದ ಸಂಶೋಧನೆಯಲ್ಲಿ ಲಿಸಾ ಐಯಜೋನಿ ಅವರ ಹೆಸರು ಮೊದಲು ಬರುತ್ತದೆ. ಹಾರ್ವರ್ಡ್‌ನಲ್ಲಿರುವ ಅವರು ಸ್ವತಃ ವೀಲ್‌ಚೇರ್ ಬಳಸುವವರು. ಅಮೆರಿಕದ 714 ವೈದ್ಯರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 82.4 ಮಂದಿ, ಗಣನೀಯ ಅಂಗವೈಕಲ್ಯ ಇರುವವರ ಬದುಕಿನ ಗುಣಮಟ್ಟ ಉಳಿದವರಿಗಿಂತ ಕೆಟ್ಟದ್ದು ಎಂದಿದ್ದರು. ಇಬ್ಬರಿಗೂ ಒಂದೇ ಗುಣಮಟ್ಟದ ಚಿಕಿತ್ಸೆ ಕೊಡಬಲ್ಲೆ ಎಂಬ ಪೂರ್ಣ ವಿಶ್ವಾಸ ಇದ್ದವರು ಶೇ 40.7 ಮಾತ್ರ. ಇದಕ್ಕೆ ಎದುರಾಗಿ 1999ರಷ್ಟು ಹಿಂದೆಯೇ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಅವರ ಅಧ್ಯಯನದಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಅಂಗವೈಕಲ್ಯ ಇದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬದುಕು ಚೆನ್ನಾಗಿದೆ ಎಂದೇ ಹೇಳಿದ್ದರು. ಬದುಕುತ್ತಿರುವವರು ಒಂದು ಹೇಳುತ್ತಾರೆ, ಅವರ ಐಸಿಯು ಹಾಸಿಗೆಯನ್ನು ನಿರ್ಧರಿಸುವವರು ಇನ್ನೊಂದು ನಂಬಿದ್ದಾರೆ.

ನಮ್ಮ ವೈದ್ಯಕೀಯ ಶಿಕ್ಷಣದಲ್ಲಿ ಅಂಗವೈಕಲ್ಯದ ಪಾಠ ಸೇರಿದ್ದೇ 2019ರಲ್ಲಿ, ದೆಹಲಿಯ ಡಾ. ಸತೇಂದ್ರ ಸಿಂಗ್ ಮೊದಲಾದವರ ಒತ್ತಾಯದಿಂದ. ಇನ್ನೊಂದೆಡೆ ವೈದ್ಯರಾಗಲು ‘ಎರಡೂ ಕೈ ಸುಸ್ಥಿತಿಯಲ್ಲಿರಬೇಕು’ ಎಂಬ ನಿಯಮ ಬಹುಕಾಲ ಉಳಿದಿತ್ತು. ಶೇಕಡಾವಾರು ಅಂಕಿಯೊಂದನ್ನೇ ನೋಡಿ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು, 2025ರಲ್ಲಿ ಆ ಎರಡು ಕೈಗಳ ನಿಯಮವನ್ನೇ ತರಾಟೆಗೆ ತೆಗೆದುಕೊಂಡಿತು.

ಚಿಕಿತ್ಸೆ ಮುಟ್ಟಿದರೆ ಏನು ಬದಲಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಪುರಾವೆ ಇದೆ. ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಸಮುದಾಯದ ಮಟ್ಟದಲ್ಲೇ ಹುಡುಕಿ, ಚಿಕಿತ್ಸೆ ಕೊಟ್ಟು, ಹಿಂಬಾಲಿಸಿದರು. ಔಷಧ ಸಿಕ್ಕವರಲ್ಲಿ ಅಂಗವೈಕಲ್ಯದ ಮಟ್ಟ ಇಳಿಯಿತು, ಸಿಗದವರಲ್ಲಿ ಹಾಗೇ ಉಳಿಯಿತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92. ತೀರ್ಥಹಳ್ಳಿಯ ಕೆಲಸದ ಹೆಚ್ಚುಗಾರಿಕೆ ಎಂದರೆ ಅಧ್ಯಯನವೂ ಸೇವೆಯೂ ಒಟ್ಟಿಗೆ ಸಾಗಿದ್ದು. ಬಂದು ಪ್ರಶ್ನೆ ಕೇಳಿ ಹೋದವರು ಮತ್ತೆ ಬರಲಿಲ್ಲ ಎಂಬ ಮಾತು ಅಲ್ಲಿ ಹುಟ್ಟಲು ಅವಕಾಶವಿರಲಿಲ್ಲ.

ಆ ಮಾತು ಹೆಚ್ಚಾಗಿ ಕೇಳಿಸುವುದು ದಕ್ಷಿಣ ಕನ್ನಡದಲ್ಲಿ. ಕೊಕ್ಕಡ, ಪಟ್ರಮೆ ಸುತ್ತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳ ನಂತರ ಶಿಬಿರಗಳು, ಸಮೀಕ್ಷೆಗಳು, ಪಟ್ಟಿಗಳು ಒಂದರ ಹಿಂದೊಂದು ಬಂದವು. ಈ ಮಗುವಿನ ಸ್ಥಿತಿಗೆ ಕೀಟನಾಶಕವೇ ಕಾರಣವೋ ಅಲ್ಲವೋ ಎಂಬುದೇ ಎಲ್ಲರ ಮುಖ್ಯ ಪ್ರಶ್ನೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರಿದ ಮೇಲೂ ಪಟ್ಟಿಯಲ್ಲಿ ಯಾರ ಹೆಸರಿದೆ ಯಾರದಿಲ್ಲ ಎಂಬ ಜಗಳ ಮುಗಿಯಲಿಲ್ಲ. ಕಾರಣದ ಪ್ರಶ್ನೆ ಪರಿಹಾರಕ್ಕೆ ಬೇಕು, ಒಪ್ಪೋಣ. ಆದರೆ ಇಪ್ಪತ್ತು ದಾಟಿದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಯ ಬೆನ್ನುನೋವಿಗೆ ಯಾವ ಸಮೀಕ್ಷೆಯಲ್ಲೂ ಕಾಲಂ ಇರಲಿಲ್ಲ. ಹೈಕೋರ್ಟಿನ ಒತ್ತಡವೂ ಸೇರಿ ಮಾಸಾಶನ ಬಂತು, ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ಬಂತು. ಇಡೀ ದಿನ ಮಗನನ್ನು ಬೇರೆಯವರು ನೋಡಿಕೊಂಡರೆ ತಾಯಿ ತನ್ನ ಬಿಪಿಯನ್ನಾದರೂ ತೋರಿಸಿಕೊಂಡು ಬರಬಹುದು. ಇದೂ ಆರೋಗ್ಯ ಸೇವೆಯ ಲಭ್ಯತೆಯೇ.

ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಉತ್ತರಿಸುತ್ತಾರೆ ಎಂಬ ವಿಷಯಕ್ಕೆ ಹೀಗೆ ಬರಲೇಬೇಕಾಗುತ್ತದೆ. ನಮ್ಮ ಬಹುಪಾಲು ಸಮೀಕ್ಷೆಗಳಲ್ಲಿ ಕಿವುಡರ ಪರವಾಗಿ ಅಣ್ಣ, ಬೌದ್ಧಿಕ ಅಸಾಮರ್ಥ್ಯ ಇರುವವರ ಪರವಾಗಿ ಅಮ್ಮ ಉತ್ತರಿಸುತ್ತಾರೆ. ಮನೆಯೊಳಗೇ ಹಿಂಸೆ ಇದ್ದರೆ ಅದು ಹೊರಗೆ ಬರುವ ದಾರಿ ಯಾವುದು? ಸಂಜ್ಞಾ ಭಾಷೆ ಬಲ್ಲವರನ್ನು ಕರೆದುಕೊಂಡು ಹೋಗಲು ಅಧ್ಯಯನದ ಬಜೆಟ್ಟಿನಲ್ಲಿ ಹಣ ಇಟ್ಟಿರುವುದಿಲ್ಲ, ಒಪ್ಪಿಗೆ ಪತ್ರ ಬ್ರೈಲ್‌ನಲ್ಲಿ ಇರುವುದಿಲ್ಲ. ಆದರೆ ಕರ್ನಾಟಕದಲ್ಲಿ ಸಂಶೋಧಕರು ಇನ್ನೂ ಸರಿಯಾಗಿ ಬಳಸಿಕೊಳ್ಳದ ಒಂದು ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಗೌರವಧನಕ್ಕೆ ದುಡಿಯುವ ಇವರು ಬಹುತೇಕ ತಾವೇ ಅಂಗವೈಕಲ್ಯ ಇರುವವರು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಅಂಗವೈಕಲ್ಯದ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಬಂದಿಲ್ಲ ಎಂಬುದು ಅವರಿಗೆ ಗೊತ್ತು. ಅವರ ಪಟ್ಟಿ ವಿಕಲಚೇತನರ ಸಬಲೀಕರಣ ಇಲಾಖೆಗೆ ಹೋಗುತ್ತದೆ. ಅದೇ ಓಣಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬಸುರಿಯರು, ಲಸಿಕೆ ಆಗಬೇಕಾದ ಮಕ್ಕಳು, ಬಿಪಿ-ಶುಗರ್ ಪರೀಕ್ಷೆ ಆದವರು ಇದ್ದಾರೆ. ಅದು ಆರೋಗ್ಯ ಇಲಾಖೆಗೆ ಹೋಗುತ್ತದೆ. ಜನರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ ಈ ಎರಡನ್ನೂ ಒಂದು ತಾಲ್ಲೂಕಿನಲ್ಲಾದರೂ ಅಕ್ಕಪಕ್ಕ ಇಟ್ಟು ನೋಡಿದರೆ, ಹೊಸ ಸಮೀಕ್ಷೆಯೊಂದನ್ನು ನಡೆಸದೆಯೇ, ಲಸಿಕೆ ತಪ್ಪಿದ ಮಕ್ಕಳಲ್ಲಿ, ಶುಗರ್ ಪರೀಕ್ಷೆಯೇ ಆಗದವರಲ್ಲಿ, ಮನೆಯಲ್ಲೇ ಹೆರಿಗೆಯಾದವರಲ್ಲಿ ಅಂಗವೈಕಲ್ಯ ಇರುವವರ ಪಾಲು ಎಷ್ಟು ಎಂಬ ಲೆಕ್ಕ ಸಿಗುತ್ತದೆ. ಇಬ್ಬರು ಕಾರ್ಯಕರ್ತರೂ ಒಂದೇ ಪಂಚಾಯಿತಿ ಕಟ್ಟಡಕ್ಕೆ ಬಂದು ಹೋಗುವವರು, ಬೇಕಾಗಿರುವುದು ಎರಡು ಇಲಾಖೆಗಳ ನಡುವೆ ಒಂದು ಸುತ್ತೋಲೆ.